ಗಾಣದ ಎಣ್ಣೆ ಘಟಕಕ್ಕೆ ಹೆಸರು ಮತ್ತು ವೆಬ್ ವಿಳಾಸ: ಲೇಬಲ್ ಮುದ್ರಣಕ್ಕೆ ಮೊದಲು ಏನೇನು ನೋಡಬೇಕು?

ತೆಂಗಿನತೋಪು (ಇಲ್ಲಿ ಕೇಳಿದವರು, ಉತ್ತರಿಸಿದವರು ಎಲ್ಲರದ್ದೂ ಅಡ್ಡಹೆಸರು) ಕೇಳಿದ್ದು:

ತಿಪಟೂರು ತಾಲ್ಲೂಕಿನಲ್ಲಿ ಮರದ ಗಾಣದ ಸಣ್ಣ ಘಟಕ ಶುರುವಾಗಲಿದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಈ ಮೂರನ್ನೂ ಬಾಟಲಿಗೆ ತುಂಬಿ ಮಾರುವುದು. ಹಿಂಡಿ ಸುತ್ತಮುತ್ತಲ ಹಸು ಸಾಕಿದವರಿಗೆ ಹೋಗುತ್ತದೆ. ಮಾಲೀಕರು ಒಬ್ಬರೇ, ಕಂಪನಿ ಮಾಡಿಲ್ಲ. ಅರ್ಧ ಮಾಲು ತುಮಕೂರು, ಬೆಂಗಳೂರಿನ ಅಂಗಡಿಗಳಿಗೆ, ಉಳಿದರ್ಧ ವಾಟ್ಸ್ಆ್ಯಪ್ ಮತ್ತು ಸ್ವಂತ ವೆಬ್‌ಸೈಟಿನಿಂದ ಎಂಬ ಲೆಕ್ಕ.

ಮನಸ್ಸಿನಲ್ಲಿರುವ ಹೆಸರುಗಳು ಐದು: ಗಾಣ, ಶುದ್ಧ, ತಿಪಟೂರು ಎಣ್ಣೆ, ಕಲ್ಪತರು, ಒಳ್ಳೆಣ್ಣೆ.

ಇವುಗಳಲ್ಲಿ ಯಾವುದು ನಿಲ್ಲುತ್ತದೆ? ಡಾಟ್ ಇನ್ ಸಾಕೋ, ಡಾಟ್ ಕಾಮ್ ಬೇಕೇ ಬೇಕೋ? ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸ ಸಿಗುತ್ತದಂತೆ, ತಗೊಳ್ಳಬಹುದಾ? ಟ್ರೇಡ್‌ಮಾರ್ಕ್ ಈಗಲೇ ಹಾಕಬೇಕೋ, ವ್ಯಾಪಾರ ಕುದುರಿದ ಮೇಲೆ ಸಾಕೋ? ಮುಂದಿನ ತಿಂಗಳು ಲೇಬಲ್ ಮುದ್ರಣಕ್ಕೆ ಕೊಡಬೇಕು.

---

ಕಾಗುಣಿತ ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ, ಐದೂ ಬಿಡಿ. ಒಂದೊಂದಕ್ಕೂ ಕಾರಣ ಬೇರೆ.

ಗಾಣ: ಕನ್ನಡದಲ್ಲಿ ಸೊಗಸಾದ ಹೆಸರು. ಇಂಗ್ಲಿಷ್ ಅಕ್ಷರಕ್ಕಿಳಿಸಿದ ಕೂಡಲೇ ಣಕಾರ ನಕಾರವಾಗಿ 'ಗಾನ' ಆಗುತ್ತದೆ. ಅದೇ ಕಾಗುಣಿತದಲ್ಲಿ ದೊಡ್ಡದೊಂದು ಹಾಡಿನ ಆ್ಯಪ್ ಇದೆ. ಗೂಗಲ್‌ನಲ್ಲಿ ಹುಡುಕಿದವರಿಗೆ ಎಣ್ಣೆ ಸಿಗುವುದಿಲ್ಲ, ಹಾಡು ಸಿಗುತ್ತದೆ.

ಒಳ್ಳೆಣ್ಣೆ: ಹಳೇ ಮೈಸೂರಿನ ಕಡೆ ಒಳ್ಳೆಣ್ಣೆ ಅಂದರೆ ಎಳ್ಳೆಣ್ಣೆ. ನೀವು ಮಾರುವ ಮೂರರಲ್ಲಿ ಎಳ್ಳೆಣ್ಣೆಯೇ ಇಲ್ಲ. ಕೊಬ್ಬರಿ ಎಣ್ಣೆ ಬಾಟಲಿಯ ಮೇಲೆ ಒಳ್ಳೆಣ್ಣೆ ಎಂದು ಬರೆದರೆ ಅಜ್ಜಿಯರು ವಾಪಸ್ ತಂದುಕೊಡುತ್ತಾರೆ.

ಕಲ್ಪತರು: ತುಮಕೂರು ಜಿಲ್ಲೆಗೇ ಕಲ್ಪತರು ನಾಡು ಎಂದು ಹೆಸರು. ಹಾಗಾಗಿ ನಿಮ್ಮೂರಿನ ಕಾಲೇಜಿಗೂ ಅದೇ, ಮುಂಬಯಿಯ ಬಿಲ್ಡರ್‌ಗೂ ಅದೇ. ಸಾಲದ್ದಕ್ಕೆ ಉತ್ತರದವರು 'ತ'ಗೆ ಬರೀ ಟಿ ಹಾಕುತ್ತಾರೆ, ನಾವು ಟಿ-ಎಚ್ ಹಾಕುತ್ತೇವೆ. ನೀವು ಯಾವ ವಿಳಾಸ ಕೊಂಡರೂ ಅರ್ಧ ಜನ ಇನ್ನೊಂದನ್ನು ಒತ್ತುತ್ತಾರೆ.

ಶುದ್ಧ ಮತ್ತು ತಿಪಟೂರು ಎಣ್ಣೆ ಎರಡಕ್ಕೂ ಕಾನೂನಿನ ತೊಡಕಿದೆ. ಅದನ್ನು ಟ್ರೇಡ್‌ಮಾರ್ಕ್ ಬಲ್ಲವರು ಹೇಳಲಿ.

ನಮ್ಮಲ್ಲಿ ಹೆಸರು ಹುಟ್ಟುವುದು ಕನ್ನಡದಲ್ಲಿ, ಟೈಪ್ ಆಗುವುದು ಇಂಗ್ಲಿಷ್ ಅಕ್ಷರದಲ್ಲಿ. ಪೆಟ್ಟು ಬೀಳುವುದೆಲ್ಲ ಇಲ್ಲೇ. ತೊಂದರೆ ಕೊಡುವ ಅಕ್ಷರಗಳು ಗೊತ್ತಿರುವವೇ: ತ-ಥ-ಟ, ದ-ಧ-ಡ, ಲ-ಳ, ನ-ಣ, ಶ-ಷ-ಸ. ದೀರ್ಘ ಸ್ವರಕ್ಕೆ ಎ ಒಂದೋ ಎರಡೋ, ಈಕಾರಕ್ಕೆ ಐ-ನೋ ಎರಡು ಇ-ನೋ, ವಕಾರಕ್ಕೆ ವಿ-ನೋ ಡಬ್ಲ್ಯೂ-ನೋ ಎಂಬ ಜಗಳ ಬೇರೆ. ಒತ್ತಕ್ಷರ ಬಂದರೆ ಇನ್ನೂ ಕಷ್ಟ. 'ಹುಚ್ಚೆಳ್ಳು' ಎಂಬುದನ್ನು ಹತ್ತು ಜನರಿಗೆ ಬರೆಯಲು ಹೇಳಿ ನೋಡಿ, ಹತ್ತು ರೂಪ ಬರುತ್ತವೆ. ಅರ್ಥ ಕೆಡುವುದೂ ಉಂಟು. ಹಾಲು, ಹಾಳು ಎರಡಕ್ಕೂ ಒಂದೇ ಕಾಗುಣಿತ, ಡೇರಿ ಇಡುವವರು ಗಮನಿಸಬೇಕಾದದ್ದು. ಎಣ್ಣೆ ಎಂಬ ಪದಕ್ಕೆ ಪೇಟೆ ಹುಡುಗರ ಬಾಯಲ್ಲಿರುವ ಇನ್ನೊಂದು ಅರ್ಥ ನಿಮಗೂ ಗೊತ್ತು. 'ಎಣ್ಣೆ ಅಂಗಡಿ' ಅಂತ ಇನ್‌ಸ್ಟಾಗ್ರಾಂ ಪುಟ ತೆರೆದರೆ ಬರುವ ಕಾಮೆಂಟುಗಳೇ ಬೇರೆ.

ಪರೀಕ್ಷೆ ಹೀಗೆ ಮಾಡಿ. ಬರೆದು ತೋರಿಸಬೇಡಿ. ಫೋನಿನಲ್ಲಿ ಒಂದೇ ಸಲ ಹೆಸರು ಹೇಳಿ, ಕೇಳಿದವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸ್ಆ್ಯಪ್ ಮಾಡಲಿ. ಹತ್ತು ಜನರಲ್ಲಿ ಎಂಟು ಜನ ಒಂದೇ ರೂಪ ಕಳಿಸಿದರೆ ಹೆಸರು ಗಟ್ಟಿ. ಐದಾರು ಜನ ಮಾತ್ರ ಒಂದು ರೂಪ ಕಳಿಸಿ ಉಳಿದವರು ಇನ್ನೊಂದನ್ನು ಕಳಿಸಿದರೆ ಎರಡೂ ವಿಳಾಸ ಕೊಳ್ಳಬೇಕಾಗುತ್ತದೆ. ಮೂರನೇ ರೂಪ ಬಂತೋ, ಹೆಸರು ಬಿಟ್ಟುಬಿಡಿ. ಈ ಹತ್ತು ಜನರಲ್ಲಿ ಕನ್ನಡ ಬಾರದ ಇಬ್ಬರಾದರೂ ಇರಲಿ, ಬೆಂಗಳೂರಿನ ಅಂಗಡಿಗೆ ಮಾಲು ಹೋಗುತ್ತದಲ್ಲ.

---

ಕಡತ ಉತ್ತರ:

ಟ್ರೇಡ್‌ಮಾರ್ಕ್ ವಿಷಯ ಹೇಳುತ್ತೇನೆ.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಮಾಲಿನ ಬಗೆ, ಗುಣಮಟ್ಟ, ಹುಟ್ಟಿದ ಊರು ಇವನ್ನಷ್ಟೇ ಹೇಳುವ ಪದ ಸಾಮಾನ್ಯವಾಗಿ ನೋಂದಣಿಗೆ ನಿಲ್ಲುವುದಿಲ್ಲ. 'ಶುದ್ಧ' ಗುಣ ಹೇಳುತ್ತದೆ, 'ತಿಪಟೂರು ಎಣ್ಣೆ' ಊರು ಮತ್ತು ಮಾಲು ಎರಡನ್ನೂ ಹೇಳುತ್ತದೆ. ಎಣ್ಣೆಗೆ 'ಗಾಣ' ಎಂಬುದೂ ಹಾಗೇ. ನಾಳೆ ಪಕ್ಕದೂರಿನವರು 'ತಿಪಟೂರು ಗಾಣದೆಣ್ಣೆ' ಎಂದು ಬೋರ್ಡು ಹಾಕಿದರೆ ತಡೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಊರಿನ ಹೆಸರಿಗೆ ಭೌಗೋಳಿಕ ಸೂಚಿಕೆ (ಆ ಸೀಮೆಯ ಮಾಲಿಗಷ್ಟೇ ಸಲ್ಲುವ ಜಿಐ ಗುರುತು) ಇದ್ದರೆ ಇನ್ನೂ ದೂರ ಇರಬೇಕು. ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಅಪ್ಪೆಮಿಡಿ ಇವು ಒಬ್ಬರ ಬ್ರ್ಯಾಂಡ್ ಆಗಲಾರವು. ದೇವರು, ಪುರಾಣದ ಹೆಸರೂ ದುರ್ಬಲವೇ. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ಒಬ್ಬರೇ ಇಟ್ಟುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಬಲವಾದ ಹೆಸರು ಎಂದರೆ ಮಾಲಿಗೆ ಸಂಬಂಧವಿಲ್ಲದ ಪದ, ಇಲ್ಲವೇ ಹೊಸದಾಗಿ ಕಟ್ಟಿದ ಪದ. ಮೊದಲ ವರ್ಷ ಜನರಿಗೆ ಪರಿಚಯ ಮಾಡಿಸುವುದು ಕಷ್ಟ, ಆಮೇಲೆ ಕಾಪಾಡಿಕೊಳ್ಳುವುದು ಸುಲಭ.

ಹುಡುಕುವ ಕ್ರಮ: ಐಪಿ ಇಂಡಿಯಾ ಜಾಲತಾಣದ ಸಾರ್ವಜನಿಕ ಹುಡುಕಾಟದಲ್ಲಿ ವರ್ಗದ ಸಂಖ್ಯೆ (ಮಾಲು, ಸೇವೆಗಳನ್ನು ವಿಂಗಡಿಸಿ ಕೊಟ್ಟ ಸಂಖ್ಯೆ) ಕೊಟ್ಟು ನೋಡಬೇಕು. ಅಡುಗೆ ಎಣ್ಣೆ 29ನೇ ವರ್ಗ. ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚುವ ಎಣ್ಣೆ ಎಂದು ಲೇಬಲ್ ಹಾಕಿ ಮಾರಿದರೆ ಅದು 3ನೇ ವರ್ಗ. ಹಿಂಡಿ ಪಶು ಆಹಾರ, ಅದು 31. ರೈತರು ತಂದ ಕಾಯಿಯನ್ನು ಕೂಲಿಗೆ ಆಡಿಸಿಕೊಟ್ಟರೆ ಅದು ಸೇವೆ, 40ನೇ ವರ್ಗ. ಬೇರೆಯವರ ಮಾಲನ್ನೂ ಇಟ್ಟು ಮಾರುವ ಅಂಗಡಿಯಾದರೆ 35. ಮೊದಲು ವರ್ಡ್‌ಮಾರ್ಕ್ ಹುಡುಕಾಟದಲ್ಲಿ (ಲೋಗೋ ಅಲ್ಲ, ಬರೀ ಪದದ ಹುಡುಕಾಟ) 'ಕಂಟೇನ್ಸ್' ಆಯ್ಕೆ ಇಟ್ಟು ಹೆಸರಿನ ಮೊದಲ ಮೂರು-ನಾಲ್ಕು ಅಕ್ಷರ ಮಾತ್ರ ಕೊಡಿ. ಆಮೇಲೆ ಫೊನೆಟಿಕ್, ಅಂದರೆ ಉಚ್ಚಾರಣೆ ನೋಡುವ ಹುಡುಕಾಟ. ಎಚ್ ಸೇರಿಸಿ, ತೆಗೆದು, ಸ್ವರ ಎರಡೆರಡು ಹಾಕಿ ಮತ್ತೆ ಮತ್ತೆ ನೋಡಿ. 'ಅಬ್ಯಾಂಡನ್ಡ್' ಎಂದು ಕಂಡ ಕೂಡಲೇ ಖುಷಿಪಡಬೇಡಿ. ಅರ್ಜಿ ಕೈಬಿಟ್ಟವರು ಮಾರಾಟ ಕೈಬಿಟ್ಟಿರಬೇಕೆಂದಿಲ್ಲ, ಮೊದಲು ಬಳಸಿದವರ ಹಕ್ಕು ನೋಂದಣಿ ಇಲ್ಲದೆಯೂ ಉಳಿಯುತ್ತದೆ. ಅದಕ್ಕೇ ಆನ್‌ಲೈನ್ ಅಂಗಡಿಗಳಲ್ಲೂ ಗೂಗಲ್ ಮ್ಯಾಪ್‌ನಲ್ಲೂ ಒಮ್ಮೆ ಹುಡುಕಬೇಕು.

'ನಂದಿನಿ' ಪ್ರಕರಣ ಈ ವಿಷಯಕ್ಕೆ ಒಳ್ಳೆಯ ಪಾಠ. ಕೆಎಂಎಫ್‌ನ ನಂದಿನಿ 1985ರಿಂದ ಇದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್‌ನವರು ಎಚ್ ಸೇರಿಸಿದ ಕಾಗುಣಿತದಲ್ಲಿ 1989ರಿಂದ ನಡೆಸುತ್ತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಉತ್ಪನ್ನ ಹೊರತುಪಡಿಸಿ. ಇದನ್ನು 'ಒಂದು ಎಚ್ ಹಾಕಿದರೆ ಪಾರಾಗಬಹುದು' ಎಂದು ಓದಿಕೊಳ್ಳುವವರಿದ್ದಾರೆ, ತಪ್ಪು. ಅಲ್ಲಿ ಗೆದ್ದದ್ದು ಮಾಲು ಬೇರೆ, ಲೋಗೋ ಬೇರೆ, ಎರಡೂ ವರ್ಷಗಟ್ಟಲೆ ಜೊತೆಜೊತೆಗೆ ನಡೆದಿದ್ದವು ಎಂಬ ಕಾರಣಕ್ಕೆ. ಎಣ್ಣೆಗೂ ಎಣ್ಣೆಗೂ ಎಚ್ ಅಡ್ಡ ಬರುವುದಿಲ್ಲ. ಇನ್ನೊಂದು ಮಾತು: ಆ ತೀರ್ಪು ಬರುವ ಹೊತ್ತಿಗೆ ಎಷ್ಟು ವರ್ಷವಾಗಿತ್ತು ಲೆಕ್ಕ ಹಾಕಿ.

ಅರ್ಜಿ ಟಿಎಂ-ಎ ನಮೂನೆ. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ವ್ಯಕ್ತಿ ಅಥವಾ ಸಣ್ಣ ಉದ್ದಿಮೆಗೆ 4,500 ರೂ., ಉಳಿದವರಿಗೆ 9,000. ಒಬ್ಬರೇ ಮಾಲೀಕರಾದ್ದರಿಂದ ನಿಮಗೆ 4,500ರ ದರ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಸದ್ಯಕ್ಕೆ 29 ಒಂದೇ ಸಾಕು. ಪರಿಶೀಲನಾ ವರದಿ ಬಂದರೆ 30 ದಿನದೊಳಗೆ ಉತ್ತರಿಸಬೇಕು. ಇದನ್ನು ನೋಡದೆ ಬಿಟ್ಟು ಅರ್ಜಿ ಕಳೆದುಕೊಳ್ಳುವವರು ಬಹಳ. ಮುಂದೆ ಜರ್ನಲ್‌ನಲ್ಲಿ ಪ್ರಕಟವಾಗಿ 4 ತಿಂಗಳು ಆಕ್ಷೇಪಣೆಗೆ ಸಮಯ. ನೋಂದಣಿ 10 ವರ್ಷಕ್ಕೆ. ಅರ್ಜಿ ಹಾಕಿದ ದಿನದಿಂದ ಟಿಎಂ ಗುರುತು ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಗುರುತು ಮಾತ್ರ ನೋಂದಣಿ ಆಗುವ ತನಕ ಹಾಕುವಂತಿಲ್ಲ. ಮುದ್ರಣದವರು ಚೆನ್ನಾಗಿ ಕಾಣುತ್ತದೆಂದು ತಾವೇ ಸೇರಿಸಿಬಿಡುತ್ತಾರೆ, ಪ್ರೂಫ್ ನೋಡುವಾಗ ಹುಷಾರು.

ವ್ಯಾಪಾರ ಕುದುರಿದ ಮೇಲೆ ಹಾಕೋಣ ಎಂಬುದಕ್ಕೆ ಉತ್ತರ: ಬೇಡ. ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ಬರೆಸಿದ್ದು, ಉದ್ಯಮ್ (ಸಣ್ಣ ಉದ್ದಿಮೆಗಳ ನೋಂದಣಿ) ಪ್ರಮಾಣಪತ್ರ, ಕಂಪನಿ ಹೆಸರಿನ ಮಂಜೂರಾತಿ, ಡೊಮೇನ್ (ವೆಬ್ ವಿಳಾಸ) ಯಾವುದೂ ಬ್ರ್ಯಾಂಡಿನ ಮೇಲೆ ಟ್ರೇಡ್‌ಮಾರ್ಕಿನ ಹಕ್ಕು ಕೊಡುವುದಿಲ್ಲ.

---

ನೇಮ್‌ಸರ್ವರ್ ಉತ್ತರ:

ವೆಬ್ ವಿಳಾಸದ ಭಾಗ.

ಮಾರಾಟ ದೇಶದೊಳಗೇ ಆದ್ದರಿಂದ ಡಾಟ್ ಇನ್ ಮುಖ್ಯ ವಿಳಾಸವಾಗಲಿ. ಡಾಟ್ ಕಾಮ್ ಖಾಲಿ ಇದ್ದರೆ ಅದನ್ನೂ ಕೊಂಡು ಡಾಟ್ ಇನ್‌ಗೆ ತಿರುಗಿಸಿ. ಖಾಲಿ ಇಲ್ಲವೆಂದರೆ ಯಾರ ಕೈಲಿದೆ ನೋಡಿ. ಮಾರಾಟಕ್ಕಿಟ್ಟ ಖಾಲಿ ಪುಟವಾದರೆ ಚಿಂತೆಯಿಲ್ಲ. ಅಲ್ಲಿ ಯಾರಾದರೂ ನಿಜವಾಗಿ ಎಣ್ಣೆಯನ್ನೋ ದಿನಸಿಯನ್ನೋ ಮಾರುತ್ತಿದ್ದರೆ ಹೆಸರನ್ನೇ ಬದಲಿಸಿ, ನಿಮ್ಮ ಗಿರಾಕಿಯ ಮೇಲ್ ಅವರಿಗೆ ಹೋಗುತ್ತಿರುತ್ತದೆ. ಡಾಟ್ ಕೋ ಡಾಟ್ ಇನ್ ಬೇಡ, ನಡುವಿನ 'ಕೋ' ಬಿಟ್ಟೇ ಒತ್ತುತ್ತಾರೆ. ಅಡ್ಡಗೆರೆ, ಅಂಕಿ ಬೇಡ, ಫೋನಿನಲ್ಲಿ ಹೇಳಲಾಗದು. ಶಾಪ್, ಆನ್‌ಲೈನ್ ಮುಂತಾದ ಬಾಲಗಳನ್ನು ಮೊದಲ ವರ್ಷ ಪುಡಿಗಾಸಿಗೆ ಕೊಟ್ಟು ನವೀಕರಣಕ್ಕೆ ಹಲವು ಪಟ್ಟು ಕೇಳುತ್ತಾರೆ. ಕೊಳ್ಳುವಾಗ ನೋಡಬೇಕಾದ್ದು ನವೀಕರಣದ ಬೆಲೆ.

ಹೆಸರಿನ ಕೊನೆಗೆ 'ಆಯಿಲ್ಸ್' ಸೇರಿಸಿದರೆ ವಿಳಾಸ ಸುಲಭವಾಗಿ ಸಿಗುತ್ತದೆ, ನಿಜ. ನಾಳೆ ಬೆಲ್ಲ, ಚಟ್ನಿಪುಡಿ ಇಟ್ಟಾಗ ಅದೇ ಬಾಲ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಖಾಲಿ ಇದೆ ಎಂದು ಕಂಡ ವಿಳಾಸವೂ ಹಿಂದೆ ಯಾರದೋ ಆಗಿದ್ದಿರಬಹುದು. ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ಹಳೇ ಪುಟ ನೋಡಿ. ಜೂಜು, ಔಷಧಿ ಸ್ಪ್ಯಾಮ್ ಇದ್ದ ವಿಳಾಸವಾದರೆ ನಿಮ್ಮ ಮೇಲ್‌ಗಳು ನೇರ ಕಸದ ಪೆಟ್ಟಿಗೆಗೆ ಹೋಗಬಹುದು.

ಈಗ ಜನ ಮುಗ್ಗರಿಸುವ ಜಾಗ. ವೆಬ್‌ಸೈಟ್ ಮಾಡಿಕೊಡುವವರು "ಡೊಮೇನ್ ಫ್ರೀ" ಎಂದು ತಮ್ಮ ಖಾತೆಯಲ್ಲೇ ತೆಗೆಯುತ್ತಾರೆ. ಆಮೇಲೆ ಜಗಳವಾದರೆ ವಿಳಾಸ ಅವರದ್ದೇ. ಖಾತೆ ಮಾಲೀಕರ ಹೆಸರಿನಲ್ಲಿ, ಮಾಲೀಕರ ಫೋನ್ ನಂಬರಿನಲ್ಲಿ, ಎರಡು ಹಂತದ ಲಾಗಿನ್ ಜೊತೆ ಇರಲಿ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಆ ಮೇಲ್ ಸಾಯುತ್ತದೆ, ನವೀಕರಣದ ಎಚ್ಚರಿಕೆಯೂ ಅಲ್ಲಿಗೇ ಬಂದು ಸಾಯುತ್ತದೆ. ಡಾಟ್ ಕಾಮ್ ಕೊಂಡ ಮೇಲೆ ಇಮೇಲ್ ಖಚಿತಪಡಿಸಿ ಎಂದು ಒಂದು ಲಿಂಕ್ ಬರುತ್ತದೆ. 15 ದಿನದೊಳಗೆ ಒತ್ತದಿದ್ದರೆ ಸೈಟ್ ನಿಂತುಹೋಗುತ್ತದೆ, ಜನ ಹೋಸ್ಟಿಂಗ್‌ನವರನ್ನು ಬೈಯುತ್ತಾರೆ.

ಸ್ವಯಂ ನವೀಕರಣವನ್ನು ನಂಬಬೇಡಿ. 2021ರ ಅಕ್ಟೋಬರ್‌ನಿಂದ ಕಾರ್ಡ್ ಸ್ವಯಂ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಡೊಮೇನ್ ಮಾರುವ ವಿದೇಶಿ ರಿಜಿಸ್ಟ್ರಾರ್‌ಗಳ ಪಾವತಿ ಆಗಾಗ ಬಿದ್ದುಹೋಗುತ್ತದೆ. ಗರಿಷ್ಠ 10 ವರ್ಷದ ತನಕ ಮುಂಗಡ ಕೊಳ್ಳಬಹುದು, 5 ವರ್ಷಕ್ಕೆ ಕೊಂಡುಬಿಡಿ. ಅವಧಿ ತಪ್ಪಿದ ಡಾಟ್ ಕಾಮ್‌ಗೆ ರಿಜಿಸ್ಟ್ರಾರ್ ಕೊಡುವ ಸಡಿಲ ದಿನಗಳಿವೆ. ಅದೂ ಮುಗಿದರೆ 30 ದಿನದ ರಿಡೆಂಪ್ಷನ್ ಅವಧಿ, ಆಗ ಬಿಡಿಸಿಕೊಳ್ಳಲು ದಂಡ ಜೋರು. ಆಮೇಲೆ 5 ದಿನ ಅಳಿಸುವ ಸರದಿ, ಅಲ್ಲಿಂದಾಚೆ ಯಾರು ಬೇಕಾದರೂ ಕೊಳ್ಳಬಹುದು.

ನಿಮ್ಮ ಬ್ರ್ಯಾಂಡಿನ ಹೆಸರಲ್ಲಿ ಬೇರೆಯವರು ಡಾಟ್ ಇನ್ ಹಿಡಿದಿಟ್ಟರೆ ಡಾಟ್ ಇನ್ ನಡೆಸುವ ನಿಕ್ಸಿಗೆ ದೂರು ಕೊಡುವ ವ್ಯವಸ್ಥೆ ಇದೆ, ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಅಲ್ಲಿ ಟ್ರೇಡ್‌ಮಾರ್ಕ್ ಇದ್ದವರ ಮಾತಿಗೆ ತೂಕ. ಕೋರ್ಟಿನ ದಾರಿಯೂ ಇದೆ. ಸಿಫಿನೆಟ್ ವಿಳಾಸದ ಮೊಕದ್ದಮೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ, 2004ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಮುಗಿಯಿತು. ಎದುರಾಳಿಯ ವಿಳಾಸದಲ್ಲಿ ಒಂದು ಎಫ್ ಹೆಚ್ಚಿತ್ತು, ಅಷ್ಟೇ ವ್ಯತ್ಯಾಸ. ಡೊಮೇನ್ ಹೆಸರಿಗೂ ವ್ಯಾಪಾರದ ಹೆಸರಿಗಿರುವ ರಕ್ಷಣೆ ಉಂಟು ಎಂದು ಕೋರ್ಟ್ ಹೇಳಿದ್ದು ಆಗಲೇ.

---

ಅರ್ಕಾವತ್ತು ಉತ್ತರ:

ಡಾಟ್ ಭಾರತ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡ ಲಿಪಿಯಲ್ಲಿ ಸಿಗುತ್ತದೆ, ಬ್ರೌಸರಿನಲ್ಲಿ ಕನ್ನಡದಲ್ಲೇ ಒತ್ತಿದರೆ ತೆರೆಯುತ್ತದೆ. ಣ-ನ, ಳ-ಲ ಗೊಂದಲ ಒಂದೇ ಏಟಿಗೆ ಹೋಗುತ್ತದೆ. ಆದರೆ ಒಳಗೊಳಗೆ ಕಂಪ್ಯೂಟರ್ ಅದನ್ನು ಎಕ್ಸ್-ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬರೆದುಕೊಳ್ಳುತ್ತದೆ. ಕೆಲವು ಆ್ಯಪ್‌ಗಳಲ್ಲಿ ವಿಳಾಸ ನಕಲು ಮಾಡಿ ಅಂಟಿಸಿದರೆ ಆ ಸಾಲೇ ಕಾಣಿಸುತ್ತದೆ, ನೋಡಿದವರು ಮೋಸದ ಲಿಂಕ್ ಎಂದುಕೊಳ್ಳುತ್ತಾರೆ. ಇಮೇಲ್ ವಿಳಾಸಕ್ಕಂತೂ ಸದ್ಯಕ್ಕೆ ಬಳಸಬೇಡಿ, ಎಷ್ಟೋ ಫಾರ್ಮ್‌ಗಳು ಒಪ್ಪುವುದಿಲ್ಲ. ಕೊಂಡು ಡಾಟ್ ಇನ್‌ಗೆ ತಿರುಗಿಸಿ, ಅಂಗಡಿ ಬೋರ್ಡಿನಲ್ಲಿ ಕನ್ನಡ ವಿಳಾಸ ಬರೆಸಿ, ಚೆನ್ನಾಗಿ ಕಾಣುತ್ತದೆ. ಹೆಸರಿಗೆ ಅರ್ಕಾವತ್ತು ಬಂದರೆ ಮಾತ್ರ ಯೋಚಿಸಿ, ಫೋನಿನ ಕೀಲಿಮಣೆಯಲ್ಲಿ ಅದನ್ನು ಮೂಡಿಸಲು ಬಾರದವರು ಜಾಸ್ತಿ.

ಬೋರ್ಡು ಎಂದದ್ದಕ್ಕೆ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಹಾಗಾಗಿ ಲೋಗೋ ಮಾಡಿಸುವಾಗಲೇ ಕನ್ನಡ ರೂಪವನ್ನು ಮುಖ್ಯವಾಗಿ ಬರೆಸಿ. ಆಮೇಲೆ ಮೂಲೆಯಲ್ಲಿ ತುರುಕಿದ ಕನ್ನಡ ಕೆಟ್ಟದಾಗಿ ಕಾಣುತ್ತದೆ.

---

ತೆಂಗಿನತೋಪು:

ಎಲ್ಲರಿಗೂ ಧನ್ಯವಾದ. ಐದೂ ಕೈಬಿಟ್ಟಾಯಿತು. ಹೊಸ ಪಟ್ಟಿ: ಹನಿ, ಅಟ್ಟ (ನಮ್ಮ ಕಡೆ ಕೊಬ್ಬರಿ ಆಗುವುದೇ ಅಟ್ಟದ ಮೇಲೆ), ಕುಡಿಕೆ. ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಕನ್ನಡ ಅಕ್ಷರ ಕೊಡಬೇಕೋ ಇಂಗ್ಲಿಷ್ ಅಕ್ಷರವೋ? ಲೇಬಲ್ಲಿಗೆ ಬೇರೆ ಏನಾದರೂ ಗಮನಿಸಬೇಕೇ?

---

ಕಾಗುಣಿತ:

'ಹನಿ' ಇಂಗ್ಲಿಷಿನಲ್ಲಿ ಕೇಳಿದರೆ ಜೇನು. 'ಅಟ್ಟ' ಇಂಗ್ಲಿಷ್ ಅಕ್ಷರದಲ್ಲಿ ಗೋಧಿ ಹಿಟ್ಟು. ಎಣ್ಣೆ ಬಾಟಲಿಯ ಮೇಲೆ ಹಿಟ್ಟು ಎಂದು ಬರೆದಂತೆ! ಎರಡೂ ಹೋಯಿತು.

ಕುಡಿಕೆ ಚೆನ್ನಾಗಿದೆ. ಮೂರೇ ಅಕ್ಷರ, ಎಲ್ಲ ಹ್ರಸ್ವ, ಒತ್ತಿಲ್ಲ. ಹತ್ತರಲ್ಲಿ ಎಂಟು ಜನ ಒಂದೇ ರೂಪ ಬರೆಯುವ ಸಾಧ್ಯತೆ ಹೆಚ್ಚು. ಆದರೂ ಪರೀಕ್ಷೆ ಮಾಡಿ. 'ಕುಡಿಕೆ ಎಣ್ಣೆ' ಎಂದು ಒಟ್ಟಿಗೆ ಮಾತ್ರ ಬರೆಸಬೇಡಿ, ಮೊದಲೇ ಹೇಳಿದ ಪೇಟೆ ಹುಡುಗರಿಗೆ ಅಷ್ಟು ಸಾಕು.

---

ಕಡತ:

ಲಿಪಿ ಬಗ್ಗೆ ವಕೀಲರಲ್ಲೇ ಎರಡು ಮಾತಿದೆ. ಒಂದೇ ಅರ್ಜಿಗೆ ಹಣವಿದ್ದರೆ ಕನ್ನಡ-ಇಂಗ್ಲಿಷ್ ಎರಡೂ ಇರುವ ಲೋಗೋ ಹಾಕಿ ಎನ್ನುವವರಿದ್ದಾರೆ. ನನ್ನ ಪ್ರಕಾರ ಬರೀ ಪದವನ್ನೇ ವರ್ಡ್‌ಮಾರ್ಕ್ ಆಗಿ ಹಾಕುವುದು ಲೇಸು. ಲೋಗೋ ಎರಡು ವರ್ಷಕ್ಕೆ ಬದಲಾಗುತ್ತದೆ, ಪದ ಉಳಿಯುತ್ತದೆ. ಉಚ್ಚಾರಣೆಯ ಹೋಲಿಕೆಯನ್ನೂ ನೋಡುವುದರಿಂದ ಇನ್ನೊಂದು ಲಿಪಿಯಲ್ಲಿ ನಕಲು ಮಾಡಿದವರನ್ನೂ ಹಿಡಿಯಬಹುದು. ಕನ್ನಡ ಅಕ್ಷರದಲ್ಲಿ ಕೊಟ್ಟರೆ ಉಚ್ಚಾರಣೆ, ಅರ್ಥ ಎರಡನ್ನೂ ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ಕುಡಿಕೆ ಎಂದರೆ ಸಣ್ಣ ಮಣ್ಣಿನ ಪಾತ್ರೆ, ಎಣ್ಣೆಯ ಗುಣ ಹೇಳುವುದಿಲ್ಲ, ಆದ್ದರಿಂದ 9ನೇ ಕಲಂ ತೊಡಕು ಕಡಿಮೆ. 29ನೇ ವರ್ಗದಲ್ಲಿ ಹುಡುಕಿ ನೋಡಿ. ಇನ್ನೂ ಮಾರಾಟ ಶುರುವಾಗಿಲ್ಲವಲ್ಲ, ಅರ್ಜಿಯಲ್ಲಿ 'ಬಳಸಲು ಉದ್ದೇಶಿಸಿದೆ' ಎಂದೇ ಹಾಕಿ. ಹಳೇ ದಿನಾಂಕ ಬರೆದರೆ ಪುರಾವೆ ಸಮೇತ ಅಫಿಡವಿಟ್ ಕೊಡಬೇಕಾಗುತ್ತದೆ.

ಅರ್ಜಿ ಹಾಕಿದ ಮೇಲೆ ನಿಮ್ಮ ವಿಳಾಸ ಎಲ್ಲರಿಗೂ ಕಾಣುತ್ತದೆ. "ಅಂತರರಾಷ್ಟ್ರೀಯ ನೋಂದಣಿ ಶುಲ್ಕ ಕಟ್ಟಿ", "ಚೀನಾದಲ್ಲಿ ನಿಮ್ಮ ಹೆಸರನ್ನು ಯಾರೋ ಕೊಳ್ಳುತ್ತಿದ್ದಾರೆ" ಎಂಬ ಪತ್ರಗಳು ಬರುತ್ತವೆ. ಹರಿದು ಹಾಕಿ.

---

ಲೇಬಲ್‌ಲೆಕ್ಕ ಉತ್ತರ:

ಮುದ್ರಣಕ್ಕೆ ಕೊಡುವ ಮೊದಲು ಇಷ್ಟು ನೋಡಿ. ಹೆಸರಿನ ಜೊತೆ ಶುದ್ಧ, ನೈಸರ್ಗಿಕ, ಸಾಂಪ್ರದಾಯಿಕ, ಅಸಲಿ ಎಂಬ ಅರ್ಥದ ಪದ ಬ್ರ್ಯಾಂಡಿನ ಭಾಗವಾಗಿ ಬಂದು ಗಿರಾಕಿಗೆ ತಪ್ಪು ಕಲ್ಪನೆ ಕೊಡುವಂತಿದ್ದರೆ, ಇದು ಬ್ರ್ಯಾಂಡ್ ಹೆಸರು ಮಾತ್ರ, ಮಾಲಿನ ನಿಜಗುಣ ಅಲ್ಲ ಎಂಬ ಸೂಚನೆಯನ್ನು ಕನಿಷ್ಠ 3 ಮಿ.ಮೀ. ಅಕ್ಷರದಲ್ಲಿ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮ ಹೇಳುತ್ತದೆ. 'ಶುದ್ಧ' ಹೆಸರಿಟ್ಟು ಕೆಳಗೆ ಆ ಸಾಲು ಬರೆದ ಬಾಟಲಿ ಊಹಿಸಿಕೊಳ್ಳಿ. ಸಾವಯವ ಎಂಬ ಪದ ಪ್ರಮಾಣಪತ್ರ ಇಲ್ಲದೆ ಬೇಡ. ಹೃದಯಕ್ಕೆ ಒಳ್ಳೆಯದು, ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ಧ್ವನಿಯ ಅಡಿಬರಹವೂ ಬೇಡ.

ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಜಿಎಸ್‌ಟಿ, ಅಂಗಡಿ ಪರವಾನಗಿ, ಉದ್ಯಮ್ ಎಲ್ಲದರಲ್ಲೂ ಇಂಗ್ಲಿಷ್ ಕಾಗುಣಿತ ಅಕ್ಷರ ತಪ್ಪದೆ ಒಂದೇ ಇರಲಿ. ಸಂಸ್ಥೆಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ಬ್ಯಾಂಕಿನವರು ಸಾಮಾನ್ಯವಾಗಿ ಎರಡು ದಾಖಲೆ ಕೇಳುತ್ತಾರೆ. ಒಂದರಲ್ಲಿ 'ಟ್ರೇಡರ್ಸ್', ಇನ್ನೊಂದರಲ್ಲಿ 'ಎಂಟರ್‌ಪ್ರೈಸಸ್' ಇದ್ದರೆ ವಾಪಸ್ ಕಳಿಸುತ್ತಾರೆ.

ಪೊಟ್ಟಣದ ಮೇಲೆ ಗ್ರಾಹಕರ ದೂರಿಗೆ ಫೋನ್ ಜೊತೆ ಇಮೇಲ್ ವಿಳಾಸವೂ ಇರಬೇಕು. ಅಂದರೆ ಡೊಮೇನ್ ಮತ್ತು ಮೇಲ್ ಎರಡೂ ಲೇಬಲ್‌ಗಿಂತ ಮೊದಲೇ ಕೆಲಸ ಮಾಡುತ್ತಿರಬೇಕು. ಮೇಲ್ ಶುರು ಮಾಡುವಾಗ ಎಂಎಕ್ಸ್ ದಾಖಲೆಯ (ನಿಮ್ಮ ಮೇಲ್ ಎಲ್ಲಿಗೆ ಬರಬೇಕೆಂದು ಹೇಳುವುದು) ಜೊತೆಗೆ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ದಾಖಲೆಗಳು) ಎರಡನ್ನೂ ಹಾಕಿಸಿ, ಇಲ್ಲದಿದ್ದರೆ ನೀವು ಕಳಿಸುವ ಬಿಲ್‌ಗಳು ಸ್ಪ್ಯಾಮ್‌ಗೆ ಬೀಳುತ್ತವೆ. ಜಿಮೇಲ್‌ನಿಂದಲೂ ಬೇರೆ ಕಂಪನಿಯಿಂದಲೂ ಒಂದೊಂದು ಮೇಲ್ ಕಳಿಸಿ, ಉತ್ತರಿಸಿ ನೋಡಿದ ಮೇಲೆ ಪ್ರೂಫ್‌ಗೆ ಸಹಿ ಹಾಕಿ. ಮೊದಲ ಸುತ್ತಿಗೆ ಸಾವಿರಕ್ಕಿಂತ ಹೆಚ್ಚು ಲೇಬಲ್ ಮುದ್ರಿಸಬೇಡಿ. ಹೆಚ್ಚು ಮುದ್ರಿಸಿದರೆ ಒಂದಕ್ಕೆ ಬೀಳುವ ಬೆಲೆ ಕಡಿಮೆ ಎಂದು ಮುದ್ರಣದವರು ಹೇಳಿಯೇ ಹೇಳುತ್ತಾರೆ.